ಪರಾಜಯ ಮೀಮಾಂಸೆ: ಒಕ್ಲಹೋಮಾ ಕಾಂಡ

ಸಣ್ಣ ಊರಿನ ಬ್ಯಾಸ್ಕೆಟ್‌ಬಾಲ್ ತಂಡವು ತಾರೆಗಳೆಲ್ಲ ಬಿಟ್ಟುಹೋದ ಮೇಲೆ ಏನು ಮಾಡತಕ್ಕದ್ದು ಎಂಬುದೇ ಈ ಗ್ರಂಥದ ವಿಷಯ. ದೃಷ್ಟಾಂತ: ಅಮೆರಿಕದ ಎನ್‌ಬಿಎಯ ಒಕ್ಲಹೋಮಾ ಸಿಟಿ ಥಂಡರ್. 2008ರಲ್ಲಿ ಸಿಯಾಟಲ್‌ನ ತಂಡವನ್ನೇ ಬುಡಸಮೇತ ಕಿತ್ತು ತಂದುಕೊಂಡ ಊರಾದ್ದರಿಂದ ವಿಯೋಗದುಃಖವು ಅದಕ್ಕೆ ಕರ್ಮಾನುಸಾರ ಪ್ರಾಪ್ತ.

ಸೂತ್ರ 1: ಬೆಳೆದವನು ಹೊರಡುವನು.

ವೃತ್ತಿ: 2012ರಲ್ಲಿ ಜೇಮ್ಸ್ ಹಾರ್ಡನ್‌ನನ್ನು ತಂಡವೇ ಹ್ಯೂಸ್ಟನ್‌ಗೆ ದಾಟಿಸಿತು. 2016ರಲ್ಲಿ ಕೆವಿನ್ ಡ್ಯುರಾಂಟ್ ತಾನಾಗಿಯೇ ನಡೆದ. ಅದೂ ಕೆಲವೇ ವಾರಗಳ ಹಿಂದೆ ತನ್ನನ್ನು ಸೋಲಿಸಿದ್ದ ಗೋಲ್ಡನ್ ಸ್ಟೇಟ್‌ಗೆ. 2019ರಲ್ಲಿ ಪಾಲ್ ಜಾರ್ಜ್ ಲಾಸ್ ಏಂಜಲೀಸ್‌ನ ಕ್ಲಿಪ್ಪರ್ಸ್‌ಗೆ, ಬೆನ್ನಿಗೇ ರಸೆಲ್ ವೆಸ್ಟ್‌ಬ್ರೂಕ್ ಹ್ಯೂಸ್ಟನ್‌ಗೆ. ಊರಿಗೆ ಕಡಲಿಲ್ಲದ್ದೇ ಕಾರಣವೆಂದು ಒಂದು ಪಂಥ. ಕಡಲನ್ನು ತರಿಸುವುದು ಈಗಿನ ವೇತನ ಮಿತಿಯೊಳಗೆ ಅಸಾಧ್ಯ.

ಸೂತ್ರ 2: ಹೊರಟವನನ್ನು ತಡೆಯಬೇಡ, ಕರೆದೊಯ್ಯುವವನ ಕಿಸೆ ನೋಡು.

ವೃತ್ತಿ: ಡ್ಯುರಾಂಟ್ ಹೋದಾಗ ತಂಡಕ್ಕೆ ದಕ್ಕಿದ್ದು ಸೊನ್ನೆ. ಜಾರ್ಜ್ ಹೊರಟಾಗ ಜನರಲ್ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ ಕ್ಲಿಪ್ಪರ್ಸ್‌ನಿಂದ ಶೈ ಗಿಲ್ಜಸ್-ಅಲೆಕ್ಸಾಂಡರ್, ಡ್ಯಾನಿಲೊ ಗ್ಯಾಲಿನಾರಿ ಎಂಬಿಬ್ಬರನ್ನೂ ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟಿನಲ್ಲಿ ಮೊದಲ ಸುತ್ತಿನ ಐದು ಹಕ್ಕುಗಳನ್ನೂ ಸರದಿ ಅದಲುಬದಲು ಮಾಡಿಕೊಳ್ಳುವ ಎರಡು ಹಕ್ಕುಗಳನ್ನೂ ಇಸಿದುಕೊಂಡ. ಕೊನೆಯ ಹಕ್ಕು 2026ರದು. ಅಂದರೆ, ಇನ್ನೂ ಶಾಲೆಯಲ್ಲಿ ಮಗ್ಗಿ ಒಪ್ಪಿಸುತ್ತಿದ್ದ ಯಾವನೋ ಬಾಲಕನ ಮೇಲೆ ಆಗಲೇ ಋಣಾನುಬಂಧ ಬಿದ್ದಿತ್ತು.

ಸೂತ್ರ 3: ಸೋಲುವುದಾದರೆ ಶಿಸ್ತಾಗಿ ಸೋಲು.

ವೃತ್ತಿ: ಕೊನೆಯಲ್ಲಿದ್ದವರಿಗೆ ಡ್ರಾಫ್ಟಿನಲ್ಲಿ ಮುಂದಿನ ಸರದಿ ಸಿಗುವ ಸಂಭವ ಹೆಚ್ಚು. 2020–21ರಲ್ಲಿ ತಂಡ 72ರಲ್ಲಿ 50 ಸೋತಿತು. ಮೈಯಲ್ಲಿ ಹುಷಾರಾಗಿಯೇ ಇದ್ದ ಅಲ್ ಹಾರ್‌ಫರ್ಡ್‌ನನ್ನು ಋತುವಿನ ನಡುವೆ ಬೆಂಚಿಗೂ ಕರೆಯದೆ ಬಿಡಲಾಯಿತು. ಅನುಭವಿಯಿಂದ ಗೆಲುವಿನ ಅಪಾಯವಿದೆ. 2021ರ ಡಿಸೆಂಬರ್ 2ರಂದು ಮೆಂಫಿಸ್ ಎದುರು 152–79ರ ಸೋಲು. ಎನ್‌ಬಿಎ ಇತಿಹಾಸದಲ್ಲೇ ಅತಿ ದೊಡ್ಡದಾದ ಈ 73 ಅಂಕಗಳ ಅಂತರವನ್ನು ಪರಾಜಯಯೋಗದ ನಿರ್ವಿಕಲ್ಪ ಸ್ಥಿತಿ ಎನ್ನಬಹುದು.

ಪೂರ್ವಪಕ್ಷ: ಸೋಲಿನಿಂದಲೇ ಸದ್ಗತಿಯಾದರೆ ಡೆಟ್ರಾಯ್ಟ್ ಚಕ್ರವರ್ತಿಯಾಗಬೇಕಿತ್ತು. 2023–24ರಲ್ಲಿ ಅದು ಸತತ 28 ಪಂದ್ಯ ಸೋತು ಒಂದೇ ಋತುವಿನ ದಾಖಲೆ ಬರೆಯಿತು. ಎರಡು ವರ್ಷ ಬಿಡದೆ ಕಟ್ಟಕಡೆಗೆ ನಿಂತು, ಎರಡು ಸಲವೂ ಡ್ರಾಫ್ಟಿನ ಸರದಿ ತೀರ್ಮಾನಿಸುವ ಲಾಟರಿಯಲ್ಲಿ ಐದನೆಯ ಆಯ್ಕೆ ಪಡೆಯಿತು. 2019ರಿಂದ ಕೊನೆಯ ಮೂರು ತಂಡಗಳಿಗೂ ಮೊದಲ ಆಯ್ಕೆಯ ಸಂಭವ ಸಮಾನ, ಶೇ. 14. ಆದ್ದರಿಂದ ಕೊನೆಯಿಂದ ಮೂರನೆಯವನಿಗಿಂತ ಹೆಚ್ಚು ಸೋಲುವುದು ದುಂದುಗಾರಿಕೆ.

ಸಿದ್ಧಾಂತ: ನಿಜ. ಸ್ವಂತ ಸೋಲಿನ ದೊಡ್ಡ ಫಲ 2022ರ ಎರಡನೆಯ ಆಯ್ಕೆ ಚೆಟ್ ಹೋಮ್‌ಗ್ರೆನ್. ಅವನು ಮೊದಲ ವರ್ಷ ಪೂರ್ತಿ ಪಾದದ ಗಾಯದಿಂದ ಕೂತ. ಶೈ ಬಂದದ್ದು ಕ್ಲಿಪ್ಪರ್ಸ್‌ನಿಂದ. ಹನ್ನೆರಡನೆಯ ಆಯ್ಕೆ ಜೇಲನ್ ವಿಲಿಯಮ್ಸ್ ಸಿಕ್ಕಿದ್ದೂ ಕ್ಲಿಪ್ಪರ್ಸ್ ಬಿಟ್ಟುಕೊಟ್ಟ ಹಕ್ಕಿನಿಂದ. 2024–25ರಲ್ಲಿ 68 ಗೆಲುವು. ಅಂತಿಮ ಸರಣಿಯಲ್ಲಿ ಇಂಡಿಯಾನಾವನ್ನು 4–3ರಿಂದ ಸೋಲಿಸಿ ಪಟ್ಟ. ಋತುವಿನ ಶ್ರೇಷ್ಠ ಆಟಗಾರನೂ ಅಂತಿಮ ಸರಣಿಯ ಶ್ರೇಷ್ಠನೂ ಶೈ. ಅತ್ತ ಜಾರ್ಜ್ 2024ರಲ್ಲಿ ಫಿಲಡೆಲ್ಫಿಯಾಕ್ಕೆ ಹೋದಾಗ ಕ್ಲಿಪ್ಪರ್ಸ್‌ಗೆ ದಕ್ಕಿದ್ದೂ ಸೊನ್ನೆಯೇ. ಕಡಲಿದ್ದರೂ. ಆದಕಾರಣ ತನ್ನ ಸೋಲಿಗಿಂತ ಪರರ ಅವಸರವೇ ಹೆಚ್ಚು ಫಲಪ್ರದವೆಂದು ನಿರ್ಣಯ.

ಫಲಶ್ರುತಿ: ಇದನ್ನು ಓದಿದ ಮ್ಯಾನೇಜರನಿಗೆ ತಾಳ್ಮೆ ಸಿದ್ಧಿಸುವುದು. ಎಲ್ಲರೂ ಓದಿ ತಾಳ್ಮೆ ಕಲಿತರೆ ಅವಸರದವನು ಸಿಗದೆ ಶಾಸ್ತ್ರವೇ ಸುಳ್ಳಾಗುವುದು. ಆದ್ದರಿಂದ ಕನಿಷ್ಠ ಒಂದು ಶ್ರೀಮಂತ ತಂಡದಿಂದಾದರೂ ಈ ಗ್ರಂಥವನ್ನು ಮುಚ್ಚಿಡತಕ್ಕದ್ದು.