ಬಿಡಾರದ ಬಾಗಿಲು

ನಿವೃತ್ತಿಯಾದ ಮೇಲೆ ತೋಟದಲ್ಲೇ ಬಿಡಾರ ಹೂಡಿ ವರ್ಷವಿಡೀ ಇರುತ್ತೇನೆ ಎಂದಾಗ ಹೆಂಡತಿ ಎದುರಾಡಲಿಲ್ಲ. ನನಗೆ ಅಲ್ಲೇ ಅನುಮಾನ ಬರಬೇಕಿತ್ತು. "ಊಟಕ್ಕೆ ಮನೆಗೆ ಬತ್ರಾ, ಅಲ್ಲಿಗೇ ಕಳ್ಸವಾ?" ಎಂದಷ್ಟೇ ಕೇಳಿದಳು.

ಸಾಗರದ ಕಡೆಯ ನಮ್ಮ ತೋಟ ಮನೆಯಿಂದ ಎರಡೇ ಫರ್ಲಾಂಗು. ಬಿಡಾರ ಎದ್ದಿದ್ದು ಮಾಗಿ ಚಳಿಯಲ್ಲಿ. ಬಿದಿರಿನ ಗಳ, ಅಡಿಕೆ ದಬ್ಬೆ, ಮೇಲೆ ಸೋಗೆ. ಚಳಿಗಾಳಿ ಮೂಡಣದ್ದಲ್ಲವೇ, ಆ ಕಡೆ ತಟ್ಟಿ ಕಟ್ಟಿ ಬಾಗಿಲನ್ನು ಪಡುವಣಕ್ಕಿಟ್ಟೆ. ಸೂರ್ಯ ಮುಳುಗುವುದನ್ನು ನೋಡುತ್ತ ಕಾಫಿ ಕುಡಿಯುವ ದುರಾಸೆಯೂ ಇತ್ತೆನ್ನಿ. ಪಕ್ಕದ ತೋಟದ ಅಜ್ಜ ಸುತ್ತ ಒಂದು ಬಳಸು ಬಂದು ಕವಳ ಉಗುಳಿ, "ಚೊಲೋ ಆಜು ತಮಾ. ಬಾಗ್ಲು ನಿಂಗನಾ, ಮಳೆಗನಾ?" ಎಂದ. ನಕ್ಕೆ. ಮಾಘ ಮಾಸದಲ್ಲಿ ಮಳೆಯ ಮಾತಿಗೆ ಯಾರಾದರೂ ನಗುತ್ತಾರೆ.

ಬೇಸಿಗೆಯಲ್ಲಿ ತಟ್ಟಿಗಳನ್ನೆಲ್ಲ ಬಿಚ್ಚಿ ಗಾಳಿಗೆ ದಾರಿ ಬಿಟ್ಟೆ. ನಾಲ್ಕು ಕಂಬ, ಒಂದು ಮಾಡು, ಒಬ್ಬ ಮಹಾರಾಜ. ಒಂದೇ ತಕರಾರೆಂದರೆ, ಮಾಡಿಗೆ ಬೇಕಾದ ಸೋಗೆಯನ್ನು ಅಡಿಕೆ ಮರ ಹಾಳೆ ಸಮೇತ, ಆ ಮಾಡನ್ನೇ ಸೀಳಿಕೊಂಡು ಒಳಗೆ ತಂದುಕೊಡುತ್ತಿತ್ತು.

ಜೂನ್ ಮೊದಲ ವಾರ ಮುಗಿದು ಮೃಗಶಿರ ಹುಟ್ಟಿತು. ಮಳೆ ಮೇಲಿಂದ ಬೀಳುತ್ತದೆ ಎಂದು ನಂಬಿದ್ದವನು ನಾನು. ನಮ್ಮಲ್ಲಿ ಅದು ಪಡುವಣದಿಂದ ಅಡ್ಡಡ್ಡ ನಡೆದುಕೊಂಡು ಬರುತ್ತದೆ. ಬಾಗಿಲಿದ್ದರೆ ಬಾಗಿಲಿಂದಲೇ, ಮರ್ಯಾದೆಯಾಗಿ. ಹಿಂದೆಲ್ಲ ಮಣ್ಣಿನ ಗೋಡೆ ನೆನೆಯದಿರಲೆಂದು ಮಳೆಗಾಲಕ್ಕೆ ಮೊದಲು ಸೋಗೆಯ ಜಡಿ ಕಟ್ಟುತ್ತಿದ್ದರು. ಚಿಕ್ಕಂದಿನಲ್ಲಿ ಆ ಜಡಿಯ ಹಿಂದೆ ಅಡಗಿ ಕಣ್ಣಾಮುಚ್ಚಾಲೆ ಆಡಿದ್ದೇನೆ. ಅದು ಅಲ್ಲಿ ಯಾಕಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಅಜ್ಜ ಕಂಬಳಿ ಕೊಪ್ಪೆ ಹೊದ್ದು ಬಂದ. ಬಾಗಿಲು ಮೂಡಣಕ್ಕೆ ಹೋಯಿತು, ಪಡುವಣಕ್ಕೆ ಜಡಿ ಬಂತು. ಮಾಡಿನ ಇಳಿಜಾರು ಸಾಲದು, ನೀರು ನಿಂತರೆ ಸೋಗೆ ಕೊಳೆಯುತ್ತದೆ ಎಂದು ನಡುವಿನ ಗಳವನ್ನೂ ಎತ್ತರಿಸಿದ. ಕೊನೆಗೆ ನನ್ನ ಗ್ಯಾಸ್ ಒಲೆಯ ಮೇಲೆ ಕಣ್ಣು ಬಿತ್ತು. ಹೊಗೆ ತಾಗದ ಸೋಗೆ ಬಾಳುವುದಿಲ್ಲವಂತೆ. ಹಸಿ ಕಟ್ಟಿಗೆಯ ಒಲೆ ಹೂಡಿದ್ದಾಯಿತು. ಸೋಗೆ ಬಾಳಿತು. ಕಣ್ಣು ಕೆಂಪಾಗಿ, ಅಂಗಿ ಕಮಟಾಗಿ, ಮೊಮ್ಮಗಳು "ಅಜ್ಜಾ, ನೀನು ಬಚ್ಚಲ ಒಲೆ ವಾಸನೆ" ಎಂದು ಮೂಗು ಮುಚ್ಚಿಕೊಳ್ಳುವಷ್ಟು ನಾನೂ ಹೊಗೆ ಹಿಡಿದೆ.

ಆರಿದ್ರೆಯನ್ನು ಹೇಗೋ ದಾಟಿದೆ. ಪುಷ್ಯ ಮಳೆಯ ಒಂದು ರಾತ್ರಿ ಹಾಸಿಗೆಯಲ್ಲಿ ಉಂಬಳ ಎಣಿಸಿ, ಹನ್ನೊಂದಕ್ಕೆ ನಿಲ್ಲಿಸಿ, ಛತ್ರಿ ಹಿಡಿದು ಮನೆಗೆ ನಡೆದೆ. ಹೆಂಡತಿ ಏನೂ ಕೇಳಲಿಲ್ಲ. ತಟ್ಟೆ ಮೊದಲೇ ಇಟ್ಟಿತ್ತು.

ಈಗ ಬಿಡಾರಕ್ಕೆ ಎರಡು ಬಾಗಿಲು. ಮೂಡಣದ್ದು ಮಳೆಗಾಲಕ್ಕೆ, ಪಡುವಣದ್ದು ಉಳಿದ ಕಾಲಕ್ಕೆ. ಯಾವಾಗ ಬೇಕಾದರೂ ಬನ್ನಿ, ಕಾಫಿ ಇದೆ. ಪುಷ್ಯ ಮಳೆಯಲ್ಲಿ ಬರುವವರು ಮಾತ್ರ ಸೀದಾ ಮನೆಗೇ ಬನ್ನಿ.