ಸೋರುವ ಹಂಡೆ: ಒಂದು ಅಧಿಕರಣ

ಯಾವ ತಕರಾರನ್ನಾದರೂ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳಲ್ಲಿ ಬಿಡಿಸತಕ್ಕದ್ದೆಂದು ಮೀಮಾಂಸಕರ ಕಟ್ಟಳೆ. ಯೂಪಕ್ಕೆ ಯಾವ ಮರ, ಪುರೋಡಾಶಕ್ಕೆ ಯಾವ ಧಾನ್ಯ ಎಂದು ಗ್ರಂಥಗಟ್ಟಲೆ ಕಾದಾಡಿದ ಆ ಮಹನೀಯರು ಬಚ್ಚಲೊಲೆಯ ಬಗ್ಗೆ ಬಾಯಿ ಬಿಡದೆ ಹೋದರು. ಬಹುಶಃ ಅವರೆಲ್ಲ ತಣ್ಣೀರಿನವರು. ಆ ಕೊರತೆ ತುಂಬಲು ಹೊರಟ ಈ ಪ್ರಬಂಧಕ್ಕೆ ವಿಷಯ: ಮುಡುಕುತೊರೆಯ ಒಂದು ಮನೆಯ ಬಚ್ಚಲಲ್ಲಿ ಒಲೆಗೆ ಹೂತು ಕೂರಿಸಿದ, 60 ಲೀಟರ್ ಹಿಡಿಯುವ ತಾಮ್ರದ ಹಂಡೆ. ಸಂಶಯ: ಅದಕ್ಕೆ ಬೆಸುಗೆ ಹಾಕಿಸುವುದೋ, ಕಿತ್ತು ಗೀಸರ್ ಹಾಕಿಸುವುದೋ.

ಮೊದಲು ಪ್ರಮಾಣವಿಚಾರ. ಹಂಡೆ ಸೋರುತ್ತಿದೆ ಎಂಬ ಜ್ಞಾನ ಎಲ್ಲಿಂದ ಬಂತು? ಪ್ರತ್ಯಕ್ಷಕ್ಕೆ ಆಸ್ಪದವಿಲ್ಲ. ಬಾಯಿ, ಕಂಠ ಮೇಲೆ ಕಾಣುತ್ತವೆ. ತಳವೆಲ್ಲ ಒಲೆಯೊಳಗೆ, ಎರಡು ತಲೆಮಾರಿನ ಮಸಿಯ ಹಿಂದೆ. ಬಗ್ಗಿ ನೋಡಿದವರಿಗೆ ಕಣ್ಣುರಿ ಬಿಟ್ಟು ಬೇರೇನೂ ದಕ್ಕಿಲ್ಲ. ಇನ್ನು ಅನುಮಾನಪ್ರಮಾಣ. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ, ಅಡುಗೆಮನೆಯಲ್ಲಿ ಇರುವಂತೆ ಎಂಬುದು ನೈಯಾಯಿಕರ ಹಳೇ ಪಾಠ. ಮುಡುಕುತೊರೆಯಲ್ಲಿ ಈ ಪಾಠಕ್ಕೆ ಎರಡು ತೊಡಕು. ದನಗಳ ಜಾತ್ರೆಯ ಕಾಲದಲ್ಲಿ ಬೆಟ್ಟದ ತಪ್ಪಲೇ ಅಡುಗೆಮನೆ. ಗಾಡಿಯ ಪಕ್ಕ ಮೂರು ಕಲ್ಲು ಹೂಡಿ ಮುದ್ದೆ ತಿರುವುತ್ತಿರುತ್ತಾರೆ. ಹೀಗಾಗಿ ಪಕ್ಷ, ದೃಷ್ಟಾಂತ ಎರಡೂ ಒಂದೇ ಆಗಿ ತರ್ಕ ಕುಸಿಯುತ್ತದೆ. ಎರಡನೆಯದು ಇನ್ನೂ ಗಂಭೀರ. ನಮ್ಮ ಬಚ್ಚಲಲ್ಲಿ ಹೊಗೆ ಹೆಚ್ಚಾದಷ್ಟೂ ಬೆಂಕಿ ಕಡಿಮೆ. ತಳದಿಂದ ತೊಟ್ಟಿಕ್ಕಿದ ನೀರು ಕೆಂಡದ ಮೇಲೆ ಬಿದ್ದು ಚುಂಯ್ ಎನ್ನುತ್ತದೆ, ಹಿಪ್ಪುನೇರಳೆ ಕಡ್ಡಿ ಹೊಗೆಯಾಡುತ್ತದೆ, ಹಜಾರದಲ್ಲಿ ಕೂತ ಮಾವನವರು ಕೆಮ್ಮುತ್ತಾರೆ. ಆದ್ದರಿಂದ ಸರಿಯಾದ ಅನುಮಾನವಾಕ್ಯ ಹೀಗಿರತಕ್ಕದ್ದು: ಹಂಡೆ ತೂತುಳ್ಳದ್ದು, ಮಾವನವರು ಕೆಮ್ಮುವುದರಿಂದ.

ಉಪಮಾನಕ್ಕೆ ಮೇಲಿನ ಬೀದಿಯವರ ಹಂಡೆಯಿದೆ. ಅದೂ ಹಿಂಗೇ ಆಗಿತ್ತಂತೆ. ಶಬ್ದಪ್ರಮಾಣಕ್ಕೆ ಕಲಾಯಿಯವನ ಮಾತಿದೆ: “ತಳ ಗಟ್ಟಿಯಾಗದೆ ಕನವ್ವ, ಬೆಸುಗೆ ಕೂತ್ಕಂಡ್ರೆ ಇನ್ನೊಂದು ಕಾಲ ಬತ್ತದೆ.” ಆಪ್ತವಾಕ್ಯವೇ ಹೌದು, ಆದರೆ ಆಡಿದ ಆಪ್ತನಿಗೆ ಕೂಲಿ ಸಲ್ಲಬೇಕು.

ಬೆಂಕಿಯಲ್ಲಿ ಬೆಂದ ಮಡಕೆ ಮೊದಲಿನ ಮಡಕೆಯೇ ಹೌದೋ ಅಲ್ಲವೋ ಎಂದು ವೈಶೇಷಿಕರಿಗೂ ನೈಯಾಯಿಕರಿಗೂ ಹಿಂದೆಯೇ ಜಗಳವಾಗಿದೆ. ಕಾವು ತಗುಲಿದರೆ ಮಡಕೆ ಪರಮಾಣುಗಳಾಗಿ ಬಿಡಿಬಿಡಿಯಾಗಿ, ಅವು ಬಣ್ಣ ಬದಲಿಸಿ ಮತ್ತೆ ಮಡಕೆಯಾಗಿ ಕೂಡುತ್ತವೆ, ಕಣ್ಣಿಗೆ ತಿಳಿಯದಷ್ಟು ಬೇಗ ಎಂಬುದು ವೈಶೇಷಿಕರ ಪೀಲುಪಾಕವಾದ. ಹಾಗೇನಿಲ್ಲ, ಮಡಕೆ ಇದ್ದ ಹಾಗೇ ಇದ್ದು ಬೇಯುತ್ತದೆ ಎಂಬುದು ನೈಯಾಯಿಕರ ಪಿಠರಪಾಕವಾದ. ವೈಶೇಷಿಕರನ್ನು ಒಪ್ಪಿದರೆ ಉರಿ ಹಾಕಿದಾಗಲೆಲ್ಲ ಮನೆಗೆ ಹೊಸ ಹಂಡೆ ಬಂದಂತಾಯಿತು, ಅದೂ ಪುಕ್ಕಟೆ. ಹಾಗಾದರೆ ತೂತು ಮಾತ್ರ ದಿನವೂ ಅದೇ ಜಾಗದಲ್ಲಿ ಯಾಕೆ ಹುಟ್ಟುತ್ತದೆ? ಅವರು ಉತ್ತರ ಕೊಡುವ ಹೊತ್ತಿಗೆ ನೀರು ಆರಿರುತ್ತದೆ. ಮಣ್ಣಿಗೆ ಹೇಳಿದ ವಾದ ತಾಮ್ರಕ್ಕೆ ಸಲ್ಲದೆಂಬ ಆಕ್ಷೇಪವೂ ಉಂಟು. ಅದನ್ನು ಇನ್ನೊಂದು ಪ್ರಬಂಧಕ್ಕೆ ಇಟ್ಟುಕೊಂಡಿದ್ದೇನೆ.

ಲೋಹಶಾಸ್ತ್ರದ ಮಾತು ಇದಕ್ಕಿಂತ ನೇರ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಕಾವು ಬೇಕು; ತವರ-ಸೀಸದ ಬೆಸುಗೆ 183ರ ಸುಮಾರಿಗೇ ಮೆತ್ತಗಾಗುತ್ತದೆ. ಹಾಗಿದ್ದೂ ಬೆಸುಗೆ ಹಾಕಿದ ಹಂಡೆ ವರ್ಷಗಟ್ಟಲೆ ಉರಿಯ ಮೇಲೆ ನಿಲ್ಲುವುದು ನೀರಿನ ದೆಸೆಯಿಂದ. ಕೆಳಗೆ ಎಷ್ಟೇ ಉರಿಯಿದ್ದರೂ ಮೇಲೆ ನೀರಿರುವ ತನಕ ತಳದ ಕಾವು ನೂರರ ಆಸುಪಾಸಿನಲ್ಲೇ ಇರುತ್ತದೆ. ನೀರು ತುಂಬಿಸದೆ ಒಲೆ ಹತ್ತಿಸಿದಿರೋ, ಬೆಸುಗೆ ಕರಗಿ ಬೂದಿಗೆ ಬೀಳುತ್ತದೆ. ಬೋರ್‌ವೆಲ್ ನೀರಾದರೆ ಇನ್ನೊಂದು ರಗಳೆ. ಕಾದ ಗಡಸು ನೀರು ಒಳಗೆಲ್ಲ ಸುಣ್ಣದ ಪದರ ಕಟ್ಟುತ್ತದೆ. ಆ ಪದರ ಕಾವನ್ನು ನೀರಿಗೆ ಬಿಡದೆ ತಳವನ್ನೇ ಸುಡುತ್ತದೆ.

ಈ ಪ್ರಬಂಧದ ಮೂಲಶೋಧನೆ ಇಲ್ಲಿಯೇ ಇದೆ. ಬೆಸುಗೆಯನ್ನು ಕೆಡಿಸುವ ಸುಣ್ಣವೇ ಸಣ್ಣ ತೂತನ್ನು ಮುಚ್ಚುವುದೂ ಹೌದು. ವರ್ಷವಿಡೀ ಹಂಡೆ ತನ್ನಷ್ಟಕ್ಕೆ ತಾನೇ ರಿಪೇರಿಯಾಗುತ್ತ ಬರುತ್ತದೆ. ಆಶ್ವಯುಜ ಬಹುಳ ತ್ರಯೋದಶಿ, ನೀರು ತುಂಬುವ ಹಬ್ಬ ಬಂತು ನೋಡಿ. ಹುಣಿಸೆಹಣ್ಣು ಹಾಕಿ ಒಳಗೂ ಹೊರಗೂ ಉಜ್ಜುತ್ತಾರೆ. ಹುಣಿಸೆಯ ಹುಳಿ ಸುಣ್ಣವನ್ನು ಕರಗಿಸುತ್ತದೆ, ಹಂಡೆ ಫಳಫಳ ಹೊಳೆಯುತ್ತದೆ, ತೂತು ಕಣ್ಣು ಬಿಡುತ್ತದೆ. ಮೇಲೆ ಕೆಮ್ಮಣ್ಣು, ಸುಣ್ಣದ ಗೆರೆ, ಕಂಠಕ್ಕೆ ಹಾಗಲಬಳ್ಳಿ, ತುಂಬಾ ಹೊಸನೀರು. ಮಾರನೆಯ ಬೆಳಗಿನ ಜಾವ ಎಣ್ಣೆ ಹಚ್ಚಿಕೊಂಡು ನಿಂತ ಮಕ್ಕಳ ಎದುರಿಗೆ ಒಲೆ ಆರುತ್ತದೆ. ಹಂಡೆ ದೀಪಾವಳಿಗೇ ಯಾಕೆ ಕೈಕೊಡುತ್ತದೆ ಎಂಬ ಬಹುಕಾಲದ ಪ್ರಶ್ನೆಗೆ ನರಕಾಸುರ ಕಾರಣನಲ್ಲವೆಂದು ಇದರಿಂದ ಸಿದ್ಧವಾಯಿತು.

ಪೂರ್ವಪಕ್ಷವನ್ನು ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಮಂಡಿಸುತ್ತಾನೆ: “ಅವ್ವ, ಯಾವ ಕಾಲದಲ್ಲಿದ್ದೀಯ, ಗೀಸರ್ ಹಾಕ್ಸು.” ಈ ಪಕ್ಷಕ್ಕೆ ಇತಿಹಾಸದ ಬಲವಿದೆ. ಬೆಟ್ಟದ ಬುಡದಲ್ಲಿ ಹರಿದ ಕಾವೇರಿ ತಲಕಾಡು ದಾಟಿ ಶಿವನಸಮುದ್ರದಲ್ಲಿ ಧುಮುಕಿ 1902ರಿಂದ ಕರೆಂಟು ಕೊಡುತ್ತಿದ್ದಾಳೆ. ಮೊದಲ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು. ಅದೇ ಕರೆಂಟು ತಂತಿ ಹಿಡಿದು ಹಿಂದಕ್ಕೆ ಬಂದು ಅದೇ ಕಾವೇರಿಯ ನೀರನ್ನು ಕಾಯಿಸುವುದಾದರೆ, ನದಿ ತನ್ನನ್ನು ತಾನೇ ಕಾಯಿಸಿಕೊಂಡಂತೆ. ಅದ್ವೈತಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕದು.

ಗಣಿತ ಮಾತ್ರ ಅಷ್ಟು ಉದಾರಿಯಲ್ಲ. 60 ಲೀಟರ್ ನೀರನ್ನು 25 ಡಿಗ್ರಿಯಿಂದ 75ಕ್ಕೆ ಏರಿಸಲು 3000 ಕಿಲೋಕ್ಯಾಲರಿ, ಎಂದರೆ ಸುಮಾರು ಮೂರೂವರೆ ಯೂನಿಟ್. ದಿನಕ್ಕೊಂದು ಹಂಡೆಯಂತೆ ತಿಂಗಳಿಗೆ 105. 2023ರಲ್ಲಿ ಗೃಹಜ್ಯೋತಿ ಬಂದಾಗ ಹಿಂದಿನ ವರ್ಷದ ಸರಾಸರಿಗೆ ಶೇ 10 ಸೇರಿಸಿ, 200 ಯೂನಿಟ್ ಮೀರದ ಹಾಗೆ ಉಚಿತವೆಂದು ನಿಗದಿ ಮಾಡಿದರು. ಎರಡು ಬಲ್ಬು, ಒಂದು ಟಿವಿ ಉರಿಸಿಕೊಂಡಿದ್ದ ಮನೆಯ ಸರಾಸರಿಯಲ್ಲಿ ಗೀಸರ್‌ಗೆ ಜಾಗವಿಲ್ಲ. ಸೊನ್ನೆ ಬಿಲ್ಲು ಬರುತ್ತಿದ್ದ ಮನೆಗೆ ಬಿಸಿನೀರಿನ ಹೆಸರಲ್ಲಿ ಬಿಲ್ಲು ಶುರು. ಅತ್ತ ಒಲೆಯ ಲೆಕ್ಕವೂ ಶುದ್ಧವಲ್ಲ. ಇಷ್ಟೇ ಕಾವಿಗೆ ಒಂದು ಕಿಲೋ ಒಣಸೌದೆಯೂ ಬೇಡ, ಕಾವೆಲ್ಲ ನೀರಿಗೇ ಸೇರಿದರೆ. ಸೇರುವುದಿಲ್ಲ. ನಾವು ತುರುಕುವ ತೆಂಗಿನ ಮಟ್ಟೆ, ಕಡ್ಡಿಗಳ ಹೊರೆಯಲ್ಲಿ ಬಹುಪಾಲು ಗೋಡೆಗೆ, ಗಾಳಿಗೆ, ಒಲೆಯ ಬಾಯಲ್ಲಿ ಮಲಗಿದ ಬೆಕ್ಕಿಗೆ. ಆದರೆ ಮಟ್ಟೆ ನಮ್ಮದೇ ಮರದ್ದು, ಮೀಟರಿಲ್ಲ.

ಸಿದ್ಧಾಂತಕ್ಕೆ ತಲಕಾಡಿನ ಪೂರ್ವನಿದರ್ಶನ ಉಂಟು. ಮರಳಿನಲ್ಲಿ ಹೂತಿದ್ದ ಕೀರ್ತಿನಾರಾಯಣನ ಗುಡಿ ಶಿಥಿಲವಾದಾಗ ಪುರಾತತ್ವ ಇಲಾಖೆಯವರು ಹೊಸ ಗುಡಿ ಕಟ್ಟಲಿಲ್ಲ. ಇದ್ದದ್ದನ್ನೇ ಬಿಚ್ಚಿ ಮತ್ತೆ ಜೋಡಿಸಿದರು. ಅವ್ವನಿಗೆ ಇದರ ಅಗತ್ಯ ಬೀಳಲಿಲ್ಲ. ಅವಳದು ಪಂಚಾಂಗಪ್ರಮಾಣ: “ಬುಡು ಮಗ, ಜಾತ್ರೆ ಕಳೀಲಿ.” ಈ ಸೂತ್ರಕ್ಕೆ ನಮ್ಮ ಭಾಷ್ಯ: ಜನವರಿ-ಫೆಬ್ರವರಿಯಲ್ಲಿ ಜಾತ್ರೆ, ಮನೆ ತುಂಬ ನೆಂಟರು, ಆಗ ಹಂಡೆ ಕಿತ್ತರೆ ಮಾನ ಹೋಗುತ್ತದೆ. ಜಾತ್ರೆ ಮುಗಿದ ಮೇಲೆ ಕೈಯಲ್ಲಿ ಕಾಸಿಲ್ಲ. ಯುಗಾದಿಗೆ ಎಣ್ಣೆನೀರು ಬೇಕೇ ಬೇಕು. ಬೇಸಿಗೆಯಲ್ಲಿ ಬಿಸಿನೀರೇ ಬೇಡ. ಆಷಾಢದಲ್ಲಿ ಹೊಸದು ತರುವಂತಿಲ್ಲ, ಪಿತೃಪಕ್ಷದಲ್ಲಿ ಮೊದಲೇ ಇಲ್ಲ. ದೀಪಾವಳಿಗೆ ಹಂಡೆಯಿಲ್ಲದೆ ನೀರು ತುಂಬುವುದು ಯಾವುದಕ್ಕೆ, ಗೀಸರ್‌ಗೆ ಹಾಗಲಬಳ್ಳಿ ಕಟ್ಟುವುದೇ? ಕಾರ್ತಿಕದಲ್ಲಿ ತಲಕಾಡಿನ ಪಂಚಲಿಂಗ ದರ್ಶನ ಬಿದ್ದರಂತೂ ಕೇಳುವುದೇ ಬೇಡ. 2009, 2013, 2020, ಯಾವಾಗ ಬರುತ್ತದೋ ನಕ್ಷತ್ರಗಳಿಗೇ ಗೊತ್ತು. ಅಷ್ಟರಲ್ಲಿ ಸುಣ್ಣ ಮತ್ತೆ ಕಟ್ಟಿ ತೂತು ಮುಚ್ಚಿರುತ್ತದೆ, ವಿಷಯವೇ ಇಲ್ಲದ ಮೇಲೆ ಸಂಶಯವೆಲ್ಲಿ?

ಸಂಗತಿ: ಮಗ ಕಾಯಲಾರದೆ ಗೀಸರನ್ನೇ ಕಳಿಸಿದ. ಪ್ಲಂಬರ್ ಬರುವ ತನಕ ಇರಲಿ ಎಂದು ಅದು ಅಟ್ಟ ಹತ್ತಿತು. ಡಬ್ಬದ ರಟ್ಟು ಒಣಗಿದ್ದು, ದಪ್ಪನೆಯದು, ಹಂಡೆಯ ಒಲೆ ಹತ್ತಿಸಲು ಬಹಳ ಅನುಕೂಲವೆಂಬುದು ಪ್ರಯೋಗಸಿದ್ಧ. ಥರ್ಮಾಕೋಲ್ ಮಾತ್ರ ಹಾಕಬಾರದು, ನಾರುತ್ತದೆ.