ಫ್ಯಾನಿನ ಸ್ಥಾವರತ್ವ: ಸಿರ್ಗಾಪುರ ಸೀಮೆಯ ಮನೆ ಮಾರಾಟಕ್ಕೊಂದು ಭಾಷ್ಯ

ಮನೆ ಮಾರುವವನು ಏನನ್ನು ಮಾರುತ್ತಾನೆ ಎಂಬುದನ್ನು ನಮ್ಮ ಶಾಸ್ತ್ರಕಾರರು ವಿಸ್ತಾರವಾಗಿ ಚರ್ಚಿಸಿದ್ದಾರೆ. ಏನನ್ನು ಬಿಚ್ಚಿಕೊಂಡು ಹೋಗುತ್ತಾನೆ ಎಂಬುದನ್ನು ಮಾತ್ರ ಯಾರೂ ಶಾಸ್ತ್ರದ ಮಟ್ಟಕ್ಕೆ ಏರಿಸಿಲ್ಲ. ಗೋಡೆ, ಮಾಳಿಗೆ, ಚೆಕ್ಕುಬಂದಿಗಳ ಬಗ್ಗೆ ಖರೀದಿ ಪತ್ರ ಪುಟಗಟ್ಟಲೆ ಮಾತಾಡುತ್ತದೆ. ಫ್ಯಾನು, ಗೀಸರು, ಬಚ್ಚಲ ಹಂಡೆ, ಬೋರಿನ ಮೋಟಾರು, ಮಾಳಿಗೆ ಮೇಲಿನ ನೀರಿನ ಟಾಕಿ, ತೊಟ್ಟಿಲು ಕಟ್ಟುವ ಕೊಂಡಿ ಎನ್ನುವಲ್ಲಿಗೆ ಬಂದರೆ ದಸ್ತಾವೇಜು ಬರೆಯುವವರ ಪೆನ್ನು ಮೌನವ್ರತ ಹಿಡಿಯುತ್ತದೆ. ಈ ಕೊರತೆಯನ್ನು ತುಂಬಲು ಇಲ್ಲೊಂದು ಸಿದ್ಧಾಂತವನ್ನು ಮಂಡಿಸಲಾಗಿದೆ. ವಸ್ತುವಿನ ಸ್ಥಾವರತ್ವ ಮೊಳೆಯಲ್ಲಿಲ್ಲ, ಗಾರೆಯಲ್ಲಿಲ್ಲ, ಬಯಾನಾದಲ್ಲಿದೆ, ಅಂದರೆ ಮುಂಗಡ ಹಣದಲ್ಲಿದೆ. ಬಯಾನಾ ಕೈಗೆ ಬರುವ ತನಕ ಮನೆಯೊಳಗಿನದೆಲ್ಲ ಸ್ಥಾವರ. ಬಂದ ಮರುಗಳಿಗೆ ಎಲ್ಲವೂ ಜಂಗಮ. ಮನೆ ತೋರಿಸುವ ದಿನ ಮಾರುವವರು ಸ್ವಿಚ್ಚು ಒತ್ತಿ, ತಲೆ ಎತ್ತಿ, “ಗಾಳಿ ಹೆಂಗದ ನೋಡ್ರಿ” ಎನ್ನುತ್ತಾರೆ. ಆಗ ಫ್ಯಾನು ಜಂತಿಗಿಂತ ಗಟ್ಟಿ, ಗಾಳಿಯೂ ಸೇರಿಯೇ ಬೆಲೆ. ಬಯಾನಾ ಎಣಿಸಿ ಕಿಸೆಗಿಟ್ಟ ಮೇಲೆ ಅದೇ ಫ್ಯಾನಿಗೆ ವಂಶಾವಳಿ ಹುಟ್ಟುತ್ತದೆ: “ಅದು ನಮ್ಮ ಅಳಿಯಂದಿರು ಕೊಟ್ಟಿದ್ದದರಿ.” ಫ್ಯಾನು ಒಂದಂಗುಲವೂ ಕದಲಿಲ್ಲ, ಆದರೂ ಅದರ ಜಾತಿ ಬದಲಾಯಿತು. ತತ್ತ್ವಶಾಸ್ತ್ರದಲ್ಲಿ ಇಷ್ಟು ವೇಗದ ಪರಿಣಾಮವಾದ ಬೇರೆಡೆ ಸಿಗುವುದು ಅಪರೂಪ.

ಪ್ರಾಚೀನ ಆಧಾರಕ್ಕಾಗಿ ಕಾಶಿಗೆ ಹೋಗಬೇಕಿಲ್ಲ. ತೆಲಂಗಾಣದ ಸಿರ್ಗಾಪುರ ಇರುವುದು ನಾರಾಯಣಖೇಡದ ಸೀಮೆಯಲ್ಲಿ; ಅಲ್ಲಿಂದ ಪಡುವಣಕ್ಕೆ ಬೀದರ ದಾಟಿದರೆ ಬಸವಕಲ್ಯಾಣ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಅಲ್ಲಿ ಕೂತು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಬರೆದ. ಸ್ಥಾವರಕ್ಕೆ ಮಾರಾಟವೇ ಇಲ್ಲ ಎಂಬ ಹಳೆಯ ಮತವನ್ನು ಎತ್ತಿಕೊಂಡು, ಮಾರುವುದಾದರೆ ದಾನದ ರೂಪದಲ್ಲಿ ಮಾರಬೇಕು ಎನ್ನುತ್ತಾನೆ. ಊರವರು, ಜ್ಞಾತಿಗಳು, ನೆರೆಯವರು, ದಾಯಾದಿಗಳು ಒಪ್ಪಬೇಕು. ಮೇಲೆ ಚಿನ್ನ ಕೊಟ್ಟು ನೀರೆರೆಯಬೇಕು. ಆರೂ ಕೂಡಿದರೆ ಭೂಮಿ ಕೈ ಬದಲಾಗುತ್ತದೆ. ಊರವರ ಒಪ್ಪಿಗೆ ವಿಷಯ ಬಯಲಾಗಲೆಂದು, ನೆರೆಯವರದು ಗಡಿ ತಂಟೆ ಬಾರದಿರಲೆಂದು ಎಂಬ ವಿವರಣೆಯೂ ಅಲ್ಲೇ ಇದೆ. ಈ ಭಾಷ್ಯಕಾರನ ವಿನಮ್ರ ಅಭಿಪ್ರಾಯದಲ್ಲಿ ಇದು ಅಪೂರ್ಣ ವಿವರಣೆ. ನೆರೆಮನೆಯವರನ್ನು ಕರೆದದ್ದು ಆ ಮನೆಯ ಬಚ್ಚಲಲ್ಲಿ ತಾಮ್ರದ ಹಂಡೆ ಇತ್ತೋ ಇಲ್ಲವೋ ಎಂದು ಸಾಕ್ಷಿ ಹೇಳಲು. ದಾಯಾದಿಗಳನ್ನು ಕರೆದದ್ದು ಹಂಡೆ ಆಗಲೇ ತಮ್ಮ ಮನೆ ಸೇರಿದೆ ಎಂದು ಹೇಳಲು. ಇನ್ನು ದಾನಶಾಸನಗಳ ಅಷ್ಟಭೋಗ ತೇಜಸ್ವಾಮ್ಯವನ್ನು ನೋಡಿ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷಿಣಿ, ಆಗಾಮಿ, ಸಿದ್ಧ, ಸಾಧ್ಯ. ನೆಲದಡಿ ಹೂತದ್ದೂ ಬಂತು, ಮುಂದೆ ಹುಟ್ಟಲಿರುವುದೂ ಬಂತು. ಕಣ್ಣೆದುರು ತೂಗಾಡುವುದು ಮಾತ್ರ ಬರಲಿಲ್ಲ. ಎಂಟು ಭೋಗ ಎಣಿಸಿದ ಮಹನೀಯರು ಒಂಬತ್ತನೆಯದಾಗಿ “ತೂಗು” ಎಂದೊಂದನ್ನು ಸೇರಿಸಿದ್ದರೆ ಈ ಪ್ರಬಂಧಕ್ಕೆ ಕೆಲಸವೇ ಇರುತ್ತಿರಲಿಲ್ಲ.

ಆಧುನಿಕ ಕಾಲ 1882ರ ಆಸ್ತಿ ವರ್ಗಾವಣೆ ಕಾಯ್ದೆಯೊಂದಿಗೆ ಶುರುವಾಗುತ್ತದೆ. ಅದರ 8ನೇ ಕಲಮಿನ ಪ್ರಕಾರ ಮನೆ ಮಾರಿದರೆ ಜೊತೆಗೆ ಬೀಗ, ಬೀಗದ ಕೈ, ಅಗಳಿ, ಬಾಗಿಲು, ಕಿಟಕಿ ಮತ್ತು ಕಾಯಂ ಬಳಕೆಗೆಂದು ಇಟ್ಟ ಇತರ ಎಲ್ಲ ವಸ್ತುಗಳು ಹೋಗುತ್ತವೆ. ವಿದ್ವಾಂಸರು ಇದನ್ನು ಕಾನೂನೆಂದು ಓದುತ್ತಾರೆ. ಇದನ್ನು ಚರಿತ್ರೆಯೆಂದು ಓದಬೇಕು. ಯಾರೂ ಮಾಡದ ಕೆಲಸವನ್ನು ಯಾವ ಕಾಯ್ದೆಯೂ ತಡೆಯಲು ಹೋಗುವುದಿಲ್ಲ. ಬೀಗದ ಕೈ ಮನೆಯೊಂದಿಗೆ ಹೋಗುತ್ತದೆ ಎಂದು ಶಾಸನಸಭೆ ಅಚ್ಚು ಹಾಕಿಸಬೇಕಾಗಿ ಬಂತೆಂದರೆ, ಬೀಗವನ್ನು ಮಾರಿ ಕೈಯನ್ನು ಉಡಿಯಲ್ಲಿಟ್ಟುಕೊಂಡು ಹೋದವರು ಇದ್ದಿರಲೇಬೇಕು. ಬಾಗಿಲಿನ ಮಾತಂತೂ ಸ್ಪಷ್ಟ. ಮಣ್ಣಿನ ಮಾಳಿಗೆಯ ಮನೆಯಲ್ಲಿ ಬೆಲೆ ಬಾಳುವುದು ಸಾಗವಾನಿಯ ಚೌಕಟ್ಟು, ತೊಲೆ, ಕಂಬ. ಗೋಡೆಯ ಮಣ್ಣು ಊರ ಹೊರಗೆ ಪುಕ್ಕಟೆ ಸಿಗುತ್ತದೆ. ಹಾಗಾಗಿ ಕಟ್ಟುನಿಟ್ಟಾಗಿ ಹೇಳಬೇಕೆಂದರೆ ಚರಾಸ್ತಿಗಳು ಒಂದರ ಮೇಲೊಂದು ನಿಂತು ತೋರಿಸುವ ಸ್ಥಿರಾಸ್ತಿಯ ಭ್ರಮೆಗೇ ಮನೆ ಎಂದು ಹೆಸರು. ಮಾಯಾವಾದಿಗಳು ಇದನ್ನು ಗಮನಿಸಬೇಕು.

ಕಲ್ಲಿನ ವಿಷಯದಲ್ಲಾದರೂ ಗಟ್ಟಿ ನೆಲೆ ಸಿಕ್ಕೀತೆಂದು ತಾಂಡೂರಿಗೆ ಹೋದರೆ ಅಲ್ಲೂ ನಿರಾಶೆ. ತಾಂಡೂರಿನ ನೀಲಿ, ಹಳದಿ ಪರಸಿ ಈ ಸೀಮೆಯಲ್ಲಿ ನೆಲವೂ ಹೌದು, ಅಡುಗೆಮನೆಯ ಕಟ್ಟೆಯೂ ಹೌದು, ಗೋಡೆಯ ಹಲಗೆಯೂ ಹೌದು. ಗಾರೆಯಲ್ಲಿ ಕೂರಿಸಿದ್ದು ಸ್ಥಾವರ. ಅಂಗಳದಲ್ಲಿ ಬರೀ ಮರಳಿನ ಮೇಲೆ ಹಾಸಿದ್ದು? ಇಂಗ್ಲೆಂಡಿನಲ್ಲಿ 1872ರ ಹಾಲಂಡ್ ವಿರುದ್ಧ ಹಾಜ್‌ಸನ್ ಮೊಕದ್ದಮೆಯಲ್ಲಿ, ಗಿರಣಿಯ ನೆಲಕ್ಕೆ ಮೊಳೆ ಹೊಡೆದ ಮಗ್ಗಗಳ ತಕರಾರನ್ನು ಬಿಡಿಸುತ್ತ ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್ ಕಲ್ಲಿನ ಉದಾಹರಣೆಯನ್ನೇ ಕೊಟ್ಟರು. ಗಾರೆಯಿಲ್ಲದೆ ಪೇರಿಸಿದ ಕಲ್ಲು ಗೋಡೆಯಾಗಲೆಂದು ಪೇರಿಸಿದ್ದರೆ ಭೂಮಿಯ ಭಾಗ. ಅದೇ ಕಲ್ಲನ್ನು ಕಟ್ಟಡದವನು ತನ್ನ ಅಂಗಳದಲ್ಲಿ ಅನುಕೂಲಕ್ಕೆಂದು ಗೋಡೆಯ ಹಾಗೆ ಪೇರಿಸಿದ್ದರೆ ಬರೀ ಸರಕು. ಎಂದರೆ ಕಲ್ಲಿಗಿಂತ ಉದ್ದೇಶ ಮುಖ್ಯ. ನಮ್ಮ ಸರ್ವೋಚ್ಚ ನ್ಯಾಯಾಲಯವೂ ಇದೇ ದಾರಿ ಹಿಡಿಯಿತು. ತೆಲಂಗಾಣದ್ದೇ ಆದ ಸಿರ್ಪುರ ಪೇಪರ್ ಮಿಲ್ಲಿನ ಪ್ರಕರಣದಲ್ಲಿ (ಹೆಸರು ಹತ್ತಿರವಾದರೂ ಊರು ಸಿರ್ಗಾಪುರದಿಂದ ಬಹುದೂರ) ಕಾಂಕ್ರೀಟಿನಲ್ಲಿ ಕೂರಿಸಿದ ಭಾರೀ ಕಾಗದದ ಯಂತ್ರವೂ ಸ್ಥಿರಾಸ್ತಿಯಲ್ಲ ಎಂದಾಯಿತು. ಕಾರಣ, ಅದನ್ನು ಹಾಗೆ ಕೂರಿಸಿದ್ದು ಅಲುಗಾಡದಿರಲೆಂದು ಮಾತ್ರ; ಬೇಕಾದರೆ ಬಿಚ್ಚಿ ಮಾರಬಹುದು. ಸ್ವಲ್ಪ ಕಾಲದಲ್ಲೇ ಡಂಕನ್ಸ್ ಪ್ರಕರಣದಲ್ಲಿ, ಕಾಯಂ ಇರಲೆಂದು ಹಾಕಿದ ಗೊಬ್ಬರದ ಕಾರ್ಖಾನೆಯ ಯಂತ್ರಗಳು ಸ್ಥಿರಾಸ್ತಿಯೇ ಎಂದೂ ಆಯಿತು. ಎರಡೂ ತೀರ್ಪುಗಳನ್ನು ಫ್ಯಾನಿನ ಕೆಳಗೆ ಕೂತು ಓದಬೇಕು. ಫ್ಯಾನನ್ನು ಕೊಂಡಿಗೆ ಬಿಗಿದದ್ದು ಅದು ತಲೆಯ ಮೇಲೆ ಬೀಳದಿರಲೆಂದೇ, ಕಾಯಂ ಗಾಳಿಗೆಂದೇ? ಮಾರುವವನು ಸಿರ್ಪುರದ ಪಕ್ಷ, ಕೊಳ್ಳುವವನು ಡಂಕನ್ಸ್ ಪಕ್ಷ. ಉದ್ದೇಶವೇ ಮುಖ್ಯವೆಂದ ಮೇಲೆ, ಮಾರುವವನ ಉದ್ದೇಶ ಬದಲಾಗುವ ಗಳಿಗೆ ಯಾವುದು ಎಂದು ಕೇಳದೆ ಗತಿಯಿಲ್ಲ. ಆ ಗಳಿಗೆ ಬಯಾನಾ.

ಈ ಸಿದ್ಧಾಂತ ಬರೀ ಮನೆಗಳಿಗಷ್ಟೇ ಎಂದುಕೊಂಡವರು 1956ರ ರಾಜ್ಯ ಪುನರ್ವಿಂಗಡಣೆ ಕಾಯ್ದೆಯನ್ನು ಖರೀದಿ ಪತ್ರದಂತೆ ಓದಿ ನೋಡಲಿ. 1955ರಲ್ಲಿ ಫಜಲ್ ಅಲಿ ಆಯೋಗ ವರದಿ ಕೊಟ್ಟಾಗ ಬೀದರ ಜಿಲ್ಲೆ ಇಡಿಯಾಗಿ ಹೈದರಾಬಾದಿನೊಂದಿಗೇ ಇರಲಿ ಎಂದಿತ್ತು. ಅಂದರೆ ಜಿಲ್ಲೆ ಸ್ಥಾವರ. ವರ್ಷ ಕಳೆಯುವಷ್ಟರಲ್ಲಿ ಅದೇ ಜಿಲ್ಲೆಯನ್ನು ಬಿಚ್ಚಿ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳನ್ನು ಮುಂಬಯಿಗೆ, ನಾರಾಯಣಖೇಡವನ್ನು ಆಂಧ್ರಪ್ರದೇಶಕ್ಕೆ, ಉಳಿದದ್ದರ ಬಹುಭಾಗವನ್ನು ಮೈಸೂರಿಗೆ ಕೊಡಲಾಯಿತು. ಗುಲಬರ್ಗಾದ ತಾಂಡೂರು, ಕೊಡಂಗಲ್ ಕೂಡ ಆಂಧ್ರದ ಕಡೆ ಹೋದವು. ಜಹೀರಾಬಾದಿನ ವಿಷಯದಲ್ಲಂತೂ ಕರಡು ಬರೆದವರ ಕೈಚಳಕ ಮೆಚ್ಚಬೇಕು: ತಾಲೂಕು ಆಂಧ್ರಕ್ಕೆ ಹೋಗುತ್ತದೆ, “ನಿರ್ಣಾ ಸರ್ಕಲ್ ಬಿಟ್ಟು.” ಜೊತೆಗೆ ಬೀದರ ತಾಲೂಕಿನಿಂದ ನ್ಯಾಲಕಲ್ ಸರ್ಕಲ್ ಹೋಗುತ್ತದೆ. ಪಡಸಾಲೆ ನಿಮ್ಮದು, ಅದರ ಒಂದು ಗೂಟ ನಮ್ಮದು, ಪಕ್ಕದ ಕೋಣೆಯ ಹಲಗೆ ನಿಮ್ಮದು ಎಂಬ ಒಪ್ಪಂದವನ್ನು ಸಂಸತ್ತು ಇಷ್ಟು ಗಂಭೀರವಾಗಿ ಮಾಡಿದ್ದು ಸಂತೋಷದ ಸಂಗತಿ. ಸಿರ್ಗಾಪುರದ ಮನೆಗಳು ಕೂತಲ್ಲೇ ಕೂತು 1956ರಲ್ಲಿ ಮೆದಕ್ ಜಿಲ್ಲೆ, 2014ರಲ್ಲಿ ತೆಲಂಗಾಣ, 2016ರಲ್ಲಿ ಸಂಗಾರೆಡ್ಡಿ ಜಿಲ್ಲೆ ಎಂದು ವಿಳಾಸ ಬದಲಿಸಿದವು. ಒಂದು ಚಿಲಕವೂ ಸಡಿಲಾಗಲಿಲ್ಲ.

ಇಲ್ಲಿ ಪೂರ್ವಪಕ್ಷದವರು ಒಂದು ಚೂಪಾದ ಪ್ರಶ್ನೆ ಎತ್ತಬಹುದು. ಆ ದಸ್ತಾವೇಜಿನಲ್ಲಿ ಸರ್ಕಲ್‌ಗಳ ಪಟ್ಟಿ ಇದೆ, ಆದರೆ ಈ ಮನೆಗಳ ಒಲೆಯ ಮುಂದೆ ಆಡುವ ಕನ್ನಡದ ಹೆಸರು ಇಲ್ಲ. ಬಯಾನಾ ಸಿದ್ಧಾಂತ ನಿಜವಾದರೆ ಆ ಕನ್ನಡ ಜಂಗಮವಾಗಿ ಬೀದರದ ಕಡೆ ಹೊರಟುಹೋಗಬೇಕಿತ್ತು. ಖರೀದಿ ಪತ್ರ ತೆಲುಗಿನಲ್ಲಿ, ಅದರೊಳಗಿನ ಕಚೇರಿ ಮಾತು ಉರ್ದುವಿನಲ್ಲಿ ಇರುವ ಊರಲ್ಲಿ ಕೊಡುವವರೂ ಕೊಳ್ಳುವವರೂ ಚೌಕಾಶಿಯನ್ನು ಇಂದಿಗೂ ಕನ್ನಡದಲ್ಲಿ ನಡೆಸುವುದು ಹೇಗೆ? ಉತ್ತರ ಸರಳ. 1956ರ ವ್ಯವಹಾರದಲ್ಲಿ ಆ ಮನೆಗಳೊಳಗೆ ಇದ್ದವರ ಕೈಗೆ ಯಾರೂ ಬಯಾನಾ ಇಡಲಿಲ್ಲ. ಬಯಾನಾ ಇಲ್ಲದ ಕಡೆ ಜಂಗಮತ್ವ ಇಲ್ಲ. ಹೀಗೆ ಸಿದ್ಧಾಂತಕ್ಕೆ ವಿರುದ್ಧವಾಗಿ ಕಂಡ ಸಾಕ್ಷಿಯೇ ಅದಕ್ಕೆ ದೊಡ್ಡ ಊರೆಗೋಲಾಯಿತು.

ಎರಡನೆಯ ಆಕ್ಷೇಪ ವ್ಯವಹಾರಸ್ಥರದು: ಪಟ್ಟಿ ಬರೆದುಕೊಂಡರೆ ಮುಗಿಯಿತಲ್ಲ? ಇಂಗ್ಲೆಂಡಿನಲ್ಲಿ ಮಾರುವವರು ಪರದೆಯ ಕಂಬಿಯಿಂದ ಹಿಡಿದು ದೀಪದವರೆಗೆ ಒಂದೊಂದಕ್ಕೂ ಗುರುತು ಹಾಕುವ ನಮೂನೆ ತುಂಬುತ್ತಾರೆ. ದೀಪದ ಗೊಂಚಲು ಬಿಚ್ಚಿಕೊಂಡು ಹೋದರೆ ಅಲ್ಲೊಂದು ಹೋಲ್ಡರೂ ಬಲ್ಬೂ ಬಿಟ್ಟು ಹೋಗಬೇಕೆಂಬ ಷರತ್ತೂ ಇದೆ. ಪದ್ಧತಿ ಒಳ್ಳೆಯದೇ. ಆದರೆ ಅದು ಅಪರಿಚಿತರಿಗೆ ಒಗ್ಗುತ್ತದೆ. ಸಿರ್ಗಾಪುರದಲ್ಲಿ ಕೊಳ್ಳುವವರು ಸಾಮಾನ್ಯವಾಗಿ ಬೀಗರೋ ಬೀಗರ ಬೀಗರೋ ಆಗಿರುತ್ತಾರೆ. “ಕಾಕಾ, ಬಲ್ಬು ಬರೀಲೇನ್ರಿ?” ಎಂದು ಕೇಳಿದವನಿಗೆ ಮುಂದಿನ ಲಗ್ನದಲ್ಲಿ ಎಲೆ ಯಾವ ಸಾಲಿನಲ್ಲಿ ಬೀಳುತ್ತದೆ ಎಂಬುದನ್ನು ಯಾವ ವಕೀಲರೂ ಹೇಳಲಾರರು. ಅಲ್ಲದೆ ಬರೆದ ಪಟ್ಟಿ, ಬರೆಯದ ಎಲ್ಲವನ್ನೂ ಒಯ್ಯಲು ಕೊಟ್ಟ ಪರವಾನಗಿಯಾಗುತ್ತದೆ. ಫ್ಯಾನು ಬರೆದಿರಿ, ರೆಗ್ಯುಲೇಟರು ಬರೆದಿರಾ? ಮೋಟಾರು ಬರೆದಿರಿ, ಅದರ ಸ್ಟಾರ್ಟರು? ತುಳಸಿ ಕಟ್ಟೆ ಬರೆದಿರಿ, ತುಳಸಿ? ಬಿಚ್ಚಿದರೆ ತೂತು ಉಳಿಯುವುದೆಲ್ಲ ಮನೆಯದು ಎನ್ನುವ ಮೂರನೆಯ ಪಂಥವೊಂದಿದೆ. ಕ್ಯಾಲೆಂಡರಿನ ಮೊಳೆಯನ್ನು ತೋರಿಸಿದ ಕೂಡಲೇ ಅದು ಬಾಯಿ ಮುಚ್ಚುತ್ತದೆ.

ಆದ್ದರಿಂದ ಪರಿಹಾರವನ್ನು ಹಳೆಯ ಶಾಸನಗಳಲ್ಲೇ ಹುಡುಕುವುದು ವಾಸಿ. ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳವಾಗಿ ಹುಟ್ಟುತ್ತಾನೆ ಎಂಬ ಶಾಪ ದಾನಶಾಸನಗಳ ಕೊನೆಗೆ ಸಾಮಾನ್ಯ. ದೋಷವೆಂದರೆ ಅದು ಊರನ್ನು ಕಿತ್ತುಕೊಂಡವನಿಗೂ ಹೋಲ್ಡರು ಕಿತ್ತುಕೊಂಡವನಿಗೂ ಒಂದೇ ಶಿಕ್ಷೆ ಹೇಳುತ್ತದೆ, ಇದು ನ್ಯಾಯವಲ್ಲ. ಶಿಕ್ಷೆಯನ್ನು ಬೆಲೆಗೆ ತಕ್ಕಂತೆ ಹಂಚಬೇಕು. ಮನೆ 20 ಲಕ್ಷ ರೂಪಾಯಿಯದು ಎಂದಿಟ್ಟುಕೊಂಡರೆ 2,000 ರೂಪಾಯಿಯ ಫ್ಯಾನಿಗೆ 60 ವರ್ಷ, 100 ರೂಪಾಯಿಯ ಬಲ್ಬಿಗೆ 3 ವರ್ಷ ಹುಳುವಿನ ಜನ್ಮ ಬೀಳುತ್ತದೆ. ಈ ದರಪಟ್ಟಿಯನ್ನು ನಾರಾಯಣಖೇಡದ ಸಬ್-ರಿಜಿಸ್ಟ್ರಾರ್ ಕಚೇರಿಯ ಗೋಡೆಗೆ ತೂಗುಹಾಕಬಹುದು, ಹಾಕಿದ ಮೊಳೆ ಕಚೇರಿಯ ಸ್ಥಿರಾಸ್ತಿ ಎಂಬ ಟಿಪ್ಪಣಿಯೊಂದಿಗೆ. ಬಳಸಿದ ಬಲ್ಬಿಗೆ ಸವಕಳಿ ಕಳೆದು ಲೆಕ್ಕ ಹಾಕಬೇಕೆ, ಶಿಕ್ಷೆ ಶುರುವಾಗುವುದು ಬೀಗದ ಕೈ ಕೊಟ್ಟ ದಿನದಿಂದಲೋ ಕೊಂಡವರು ಕತ್ತಲಲ್ಲಿ ಸ್ವಿಚ್ಚು ಒತ್ತಿದ ದಿನದಿಂದಲೋ ಎಂಬ ಸೂಕ್ಷ್ಮಗಳನ್ನು ದಾಯಾದಿಗಳ ಸಭೆಗೆ ಬಿಡಲಾಗಿದೆ. ಹಂಡೆಯನ್ನು ಒಯ್ದವರು ಆ ಸಭೆಯಲ್ಲಿ ಮತ ಹಾಕುವಂತಿಲ್ಲ.